ಕಟ್ಟೆ ಕಂಡ ದಿನದ ಪರೀಕ್ಷೆ

ನಮ್ಮ ಮನೆಗೆ ಬೀಗರು ಯಾರಾದರೂ ಬಂದರೆ ಅವ್ವ ಈಗಲೂ ಈ ಕಥೆಯನ್ನು ಚಹಾದ ಜೊತೆಗೇ ಕೊಡುತ್ತಾಳೆ. ‘ನಮ್ಮಾಕಿ ಸಾಲಿ ಸಭಾದಾಗ ಎದ್ದ ನಿಂತು ಹೆಡ್‌ಮಾಸ್ತರನ ಬಾಯಿ ಮುಚ್ಚಿಸಿದಳು. ನಮ್ಮಣ್ಣನ ಮಗಳನ್ನ ಎ ವಿಭಾಗಕ್ಕ ಹಾಕಿಸಿದಳು.’ ಬೀಗರು ನನ್ನ ಕಡೆ ತಿರುಗಿ ‘ಹೌದೇನವಾ?’ ಎನ್ನುತ್ತಾರೆ. ಆ ಶಾಲೆಯವರ ಬಳಿ ಬೇರೊಂದು ಕಥೆ ಇದೆ. ಮುಳುಗಡೆ ಊರುಗಳಿಂದ ಬರುವ ಮಕ್ಕಳು ಗಣಿತದಲ್ಲಿ ಹಿಂದೆ ಬಿದ್ದಿದ್ದಾರೆಂದು ವೈಜ್ಞಾನಿಕವಾಗಿ ಕಂಡುಹಿಡಿದು, ಅವರಿಗೆಂದೇ ಪ್ರತ್ಯೇಕ ವಿಭಾಗ ತೆರೆದು ಕೈಹಿಡಿದೆವು ಎಂಬುದು ಅದು. ಎರಡೂ ಸುಳ್ಳು. ಅವತ್ತು ಯಾರ ಬಾಯಿಯೂ ಮುಚ್ಚಲಿಲ್ಲ. ಮುಚ್ಚಿದ್ದರೆ ಊರಿಗೆ ಉಪಕಾರವಾಗುತ್ತಿತ್ತು. ಯಾರೂ ಏನನ್ನೂ ಕಂಡುಹಿಡಿಯಲೂ ಇಲ್ಲ. ಗೊತ್ತಿದ್ದದ್ದನ್ನು ಮುಚ್ಚಿಟ್ಟು, ಬೇಕಾದದ್ದನ್ನು ಬೋರ್ಡಿನ ಮೇಲೆ ಬರೆದರು, ಅಷ್ಟೇ.

ಆಗ ನಾನು ಜಮಖಂಡಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಸಂಖ್ಯಾಶಾಸ್ತ್ರ ನನ್ನ ವಿಷಯಗಳಲ್ಲಿ ಒಂದು. ಆದರೆ ನನ್ನ ನಿಜವಾದ ಕಸುಬು ಚರ್ಚಾಸ್ಪರ್ಧೆ. ಮುಧೋಳದಲ್ಲಿ ‘ದೊಡ್ಡ ಆಣೆಕಟ್ಟು ನಾಡಿಗೆ ಬೇಕು’ ಎಂಬ ವಿಷಯದ ಪರವಾಗಿ ಮಾತಾಡಿ ಒಂದು ಸ್ಟೀಲಿನ ಡಬ್ಬಿ ಗೆದ್ದಿದ್ದೆ. ಮುಂದೆ ಸ್ವಲ್ಪ ದಿನಕ್ಕೇ ಬನಹಟ್ಟಿಯಲ್ಲಿ ಅದೇ ವಿಷಯದ ವಿರುದ್ಧ ಮಾತಾಡಿ ಅಂಥದ್ದೇ ಇನ್ನೊಂದು ಡಬ್ಬಿ ಗೆದ್ದೆ. ಅವ್ವ ಒಂದರಲ್ಲಿ ಶೇಂಗಾ ಚಟ್ನಿ, ಇನ್ನೊಂದರಲ್ಲಿ ಗುರೆಳ್ಳು ಚಟ್ನಿ ತುಂಬಿಟ್ಟಳು. ನಮ್ಮ ಜಿಲ್ಲೆಯಲ್ಲಿ ಆಣೆಕಟ್ಟಿನ ಬಗ್ಗೆ ನಡೆದ ಅಷ್ಟೂ ಚರ್ಚೆಗಳಿಂದ ಜನರಿಗೆ ದಕ್ಕಿದ ಫಲ ಬಹುಶಃ ಇಷ್ಟೇ.

ಅಪ್ಪ ಜಮಖಂಡಿಯವನು. ತಲೆತಲಾಂತರದಿಂದ ಅಲ್ಲೇ ಇದ್ದ ಮನೆತನ. ಹೊಲ ಹೋಗಿ ಪಗಾರ ಬಂದಿದೆ. ಅವ್ವನ ತವರು ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗಿದ್ದ ಒಂದು ಹಳ್ಳಿ. ಆಲಮಟ್ಟಿಯ ಹಿನ್ನೀರು ಏರಿದಾಗ ಆ ಊರು ನೀರಿನಡಿ ಹೋಯಿತು. ನನ್ನ ಸೋದರಮಾವನ ಸಂಸಾರ ದೂರದ ದಿನ್ನೆಯ ಮೇಲೆ ಸರ್ಕಾರ ಗೆರೆ ಹೊಡೆದು ಕೊಟ್ಟ ಪುನರ್ವಸತಿ ಕೇಂದ್ರಕ್ಕೆ ಹೋಯಿತು. ಅಂಥ ಜಾಗವನ್ನು ನಮ್ಮ ಕಡೆ ಎಲ್ಲರೂ ಆರ್‌.ಸಿ. ಅನ್ನುತ್ತಾರೆ, ಅಲ್ಲಿಂದ ಬಂದವರನ್ನು ಮುಳುಗಡೆ ಮಂದಿ ಅನ್ನುತ್ತಾರೆ. ಹಾಗೆ ಅನ್ನುವಾಗ ಜಮಖಂಡಿಯ ಸಭ್ಯಸ್ಥರ ಮುಖದ ಮೇಲೆ ಒಂದು ‘ಪಾಪ’ ಬರುತ್ತದೆ. ಆ ‘ಪಾಪ’ದ ಬೆನ್ನಿಗೇ ‘ಪರಿಹಾರದ ರೊಕ್ಕ ಬಂತು, ತಲಿ ಹೋತು’ ಎಂಬ ಮಾತೂ ಬರುತ್ತದೆ. ಕನಿಕರಕ್ಕೂ ಕೀಳುಗಾಣುವುದಕ್ಕೂ ನಡುವೆ ನಮ್ಮೂರಿನಲ್ಲಿ ಒಂದು ಗುಟುಕು ಚಹಾದ ಅಂತರ.

ಮಾವನ ಮಗಳು ನಮ್ಮ ಮನೆಯಲ್ಲಿದ್ದು ಹೈಸ್ಕೂಲಿಗೆ ಹೋಗುತ್ತಿದ್ದಳು. ಒಂಬತ್ತನೆಯ ಇಯತ್ತೆ ಮುಗಿಯುತ್ತ ಬಂದಿತ್ತು. ಗಣಿತವೊಂದನ್ನು ಬಿಟ್ಟು ಜಗತ್ತಿನಲ್ಲಿ ಇನ್ನೇನೂ ಅವಳಿಗೆ ಬೇಕಿರಲಿಲ್ಲ. ಇತಿಹಾಸದಲ್ಲಿ ಯಾವ ರಾಜನನ್ನು ಯಾರು ಕೊಂದರು ಎಂದು ಕೇಳಿದರೆ ‘ಸತ್ತ ಅಲ್ಲಾ ಅಕ್ಕಾ, ಮುಗೀತು’ ಎನ್ನುವಳು. ಬೀಜಗಣಿತದ ಲೆಕ್ಕ ಬಿಡಿಸಲಾಗದಿದ್ದರೆ ಮಾತ್ರ ಊಟ ಸೇರುತ್ತಿರಲಿಲ್ಲ. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಳ್ಳಬೇಕು ಎಂಬುದು ಅವಳ ಒಂದೇ ಹಟ. ಮಾವನ ಹಟವೂ ಒಂದೇ: ‘ಮಾರ್ಕ್ಸ್ ಛಲೋ ಬರೂತನಕ ಜಮಖಂಡಿ. ಇಲ್ಲಂದ್ರ ಗಂಟುಮೂಟಿ ಕಟ್ಟಿ ಆರ್‌.ಸಿ.ಗಿ ವಾಪಸ್. ಬರೇ ಪಾಸ್ ಆಗಾಕ ಹುಡುಗಿನ್ನ ಪರಊರಾಗ ಯಾಕ ಇಡಬೇಕು?’

ಮುಳುಗಿದ ಊರಿನವರಿಗೆ ಒಂದು ಪದ್ಧತಿ ಇದೆ. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಂತೆ ಹಳೆಯ ಊರು ಸ್ವಲ್ಪ ಸ್ವಲ್ಪವಾಗಿ ಮೇಲೆ ಬರುತ್ತದೆ. ಮೊದಲು ಕಾಣುವುದು ಊರ ನಡುವಿನ ಕಲ್ಲಿನ ಕಟ್ಟೆ. ಅದು ಕಂಡಿತೆಂದು ಯಾರಾದರೊಬ್ಬರು ಫೋನು ಮಾಡುತ್ತಾರೆ: ‘ಕಟ್ಟಿ ಕಂಡೈತಿ.’ ಮರುದಿನ ಊರಿಗೆ ಊರೇ ಟ್ರ್ಯಾಕ್ಟರ್ ಹತ್ತಿ ಹೋಗುತ್ತದೆ. ಕಟ್ಟೆಗೆ ಕಾಯಿ ಒಡೆದ ಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಮನೆ ಇದ್ದ ಜಾಗವನ್ನು ಹುಡುಕಿಕೊಂಡು, ಅಲ್ಲೇ ಕುಳಿತು ಉಣ್ಣಬೇಕು. ಇದಕ್ಕೆ ತಿಥಿ ಇಲ್ಲ, ವಾರ ಇಲ್ಲ. ನೀರು ಹೇಳಿದ ದಿನ. ಒಂದೆರಡು ದಿನ ತಡೆದರೆ ಆಚೀಚೆಯವರು ಬಂದು ಹಸಿ ನೆಲಕ್ಕೆ ಬೀಜ ಹಾಕಿಬಿಡುತ್ತಾರೆ. ಆಮೇಲೆ ನಿಮ್ಮ ಪಡಸಾಲೆಯಲ್ಲಿ ಯಾರದೋ ಸೌತೆಬಳ್ಳಿ.

ಆ ವರ್ಷ ನೀರು ಬೇಗ ಸರಿಯಿತು. ಸಂಜೆ ಮಾವನ ಫೋನು ಬಂತು. ಹುಡುಗಿ ಹೇಳಿದಳು, ‘ಅಪ್ಪಾ, ನಾಳೆ ಸಾಲ್ಯಾಗ ಗಣಿತದ ಪರೀಕ್ಷಿ ಐತಿ.’

‘ವಾರ್ಷಿಕ ಪರೀಕ್ಷಿ ಮುಗೀತಲ್ಲೇ?’

‘ಇದು ಮಟ್ಟ ನೋಡಾಕಂತ. ಮಾರ್ಕ್ಸ್ ಲೆಕ್ಕಕ್ಕ ಹಿಡಿಯಂಗಿಲ್ಲ ಅಂದಾರ ಸರ್.’

‘ಲೆಕ್ಕಕ್ಕಿಲ್ಲದ್ದು ಯಾತರ ಪರೀಕ್ಷಿ? ಮುಂಜಾನಿ ಮದಲನೇ ಬಸ್ಸಿಗೆ ಬರ್ರಿ.’

ಹೋದೆವು. ಅವಳು, ಅವ್ವ, ನಾನು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಅವಳ ತರಗತಿಯ ಹುಡುಗ ಹುಡುಗಿಯರು ಮೊದಲೇ ತುಂಬಿದ್ದರು. ಅದೇ ಶಾಲೆಗೆ ದಿನಾ ಆರ್‌.ಸಿ.ಯಿಂದ ಬಸ್ಸಿನಲ್ಲಿ ಬರುವವರು. ಯಾರೊಬ್ಬರೂ ರಜೆಯ ಅರ್ಜಿ ಬರೆದಿರಲಿಲ್ಲ. ಕಟ್ಟೆ ಕಂಡ ಮೇಲೆ ಅರ್ಜಿ ಏನು ಬರೆಯುವುದು, ಸಾಲಿಯವರಿಗೆ ಗೊತ್ತಿರುವುದಿಲ್ಲವೇ ಎಂಬ ಭೋಳೆತನ. ಜಗತ್ತೆಲ್ಲ ತಮ್ಮ ಕಟ್ಟೆಯನ್ನೇ ನೋಡುತ್ತ ಕುಳಿತಿದೆ ಎಂದು ನಂಬುವುದು ಮುಳುಗಿದ ಮೇಲೂ ನಮ್ಮವರಿಗೆ ಬಿಟ್ಟುಹೋಗಿಲ್ಲ.

ಅಲ್ಲಿ ಉಳಿದಿರುವುದು ಅಡಿಪಾಯದ ಸಾಲುಗಲ್ಲು, ಅಲ್ಲೊಂದು ಇಲ್ಲೊಂದು ಹೊಸ್ತಿಲು, ಕಿತ್ತು ಒಯ್ಯಲಾರದೆ ಬಿಟ್ಟ ಒಳಕಲ್ಲು. ಅದರಲ್ಲೇ ಮಾವ ನಿಂತು ‘ಇದು ದನದ ಕೊಟ್ಟಿಗಿ, ಇದು ಪಡಸಾಲಿ, ಇಲ್ಲಿ ನಿಮ್ಮವ್ವ ಹುಟ್ಟಿದ್ಲು’ ಎಂದು ತೋರಿಸಿದ. ಜೋಳದ ರೊಟ್ಟಿ, ಮಾದಲಿ, ಎಣ್ಣೆಗಾಯಿ ಬಿಚ್ಚಿ ಕುಳಿತೆವು. ಅಷ್ಟರಲ್ಲಿ ಪಕ್ಕದ ಮನೆಯಾತ, ಅಂದರೆ ಪಕ್ಕದ ಮನೆ ಇದ್ದ ಜಾಗದಾತ, ಕೂಗಿದ.

‘ಯಾಕೋ, ನಿನ್ನ ಬುತ್ತಿ ನಮ್ಮ ಅಡಿಗಿಮನ್ಯಾಗ ಬಂದೈತಲ್ಲೋ, ಅತ್ಲಾಗ ಸರಿ.’

‘ನಿಮ್ಮ ಅಡಿಗಿಮನಿ? ಗ್ವಾಡಿ ಆ ಕಲ್ಲಿಗಿ ಇತ್ತು. ನಿಮ್ಮಪ್ಪ ಇದ್ದಾಗನ ಒಂದ ಮಾರು ಒತ್ತಿದ್ದ.’

‘ಸತ್ತವರ ಸುದ್ದಿ ತಗೀಬ್ಯಾಡ ಮತ್ತ!’

ವರ್ಷದ ಮುಕ್ಕಾಲು ಪಾಲು ಮೀನು ಓಡಾಡುವ ಗೋಡೆಯ ಬಗ್ಗೆ ಇಬ್ಬರು ದೊಡ್ಡ ಮನುಷ್ಯರು ಕೈಯಲ್ಲಿ ರೊಟ್ಟಿ ಹಿಡಿದು ಜಗಳವಾಡಿದರು. ಜಗಳ ಮುಗಿದ ಮೇಲೆ ಎಣ್ಣೆಗಾಯಿ ಹಂಚಿಕೊಂಡರು. ಹುಡುಗಿ ಹೊಸ್ತಿಲ ಮೇಲೆ ಕುಳಿತು ಕಾಲು ಕುಣಿಸುತ್ತಿದ್ದಳು. ‘ಈ ವ್ಯಾಳ್ಯಾಕ್ಕ ಅಲ್ಲಿ ಪೇಪರ್ ಕೊಟ್ಟಿರತಾರ ಅಕ್ಕಾ’ ಎಂದಳು. ‘ಲೆಕ್ಕಕ್ಕಿಲ್ಲ ಅಂದಾರಲ್ಲ’ ಎಂದೆ. ‘ಆದ್ರೂ ಲೆಕ್ಕ ಛಲೋ ಇರತಾವು’ ಎಂದಳು.

ಶಾಲೆ ಬೇಸಿಗೆ ರಜೆಗೆ ಮುಚ್ಚುವ ಮೊದಲು ಪಾಲಕರ ಸಭೆ ಕರೆದರು. ಮಾವ ಇಸ್ತ್ರಿ ಅಂಗಿ ಹಾಕಿ ಬಂದ. ವೇದಿಕೆಯ ಮೇಲೆ ಹೆಡ್‌ಮಾಸ್ತರ. ಅವರ ಪಕ್ಕದಲ್ಲಿ, ನನಗೆ ಆಶ್ಚರ್ಯವಾಗುವಂತೆ, ನನ್ನದೇ ಕಾಲೇಜಿನ ಸಂಖ್ಯಾಶಾಸ್ತ್ರದ ಮೇಷ್ಟ್ರು. ಅವರಿಬ್ಬರೂ ಬೀಗರೆಂದು ಆಮೇಲೆ ಗೊತ್ತಾಯಿತು.

ಹೆಡ್‌ಮಾಸ್ತರರು ಮೊದಲು ಹತ್ತನೆಯ ಇಯತ್ತೆಯ ಮಹತ್ವ ವರ್ಣಿಸಿದರು. ಆಮೇಲೆ ವಿಷಯಕ್ಕೆ ಬಂದರು. ಮುಂದಿನ ವರ್ಷದಿಂದ ಹತ್ತನೆಯದಕ್ಕೆ ಎರಡು ವಿಭಾಗ. ಊರಿನ ಮಕ್ಕಳು ಎ. ಆರ್‌.ಸಿ.ಯ ಮಕ್ಕಳು ಬಿ. ಎ ವಿಭಾಗಕ್ಕೆ ಗಣಿತ ವಿಜ್ಞಾನಕ್ಕೆ ಅನುಭವಿ ಶಿಕ್ಷಕರು, ಬೆಳಗಿನ ವಿಶೇಷ ಕ್ಲಾಸು. ಬಿ ವಿಭಾಗಕ್ಕೆ ‘ಪಾಸಾಗುವಷ್ಟು’ ಪಾಠ. ‘ಇದರಾಗ ಭೇದಭಾವ ಇಲ್ರಿ. ಅವರವರ ಮಟ್ಟಕ್ಕ ತಕ್ಕಂಗ. ಬಸ್ಸಿನ ವ್ಯಾಳ್ಯಾನೂ ಹೊಂದತೈತಿ. ಮತ್ತ ಇದು ನಮ್ಮ ಅಭಿಪ್ರಾಯ ಅಲ್ಲ, ಶಾಸ್ತ್ರೀಯವಾಗಿ ತಪಾಸ ಮಾಡಿಸೇವಿ. ಸರ್ ಹೇಳತಾರ.’

ಮೇಷ್ಟ್ರು ಎದ್ದರು. ಗಂಟೆಯಾಕಾರದ ಎರಡು ದಿಬ್ಬಗಳನ್ನು ಬೋರ್ಡಿನ ಮೇಲೆ ಬರೆದರು. ಒಂದು ಊರಿನ ಮಕ್ಕಳದು, ಇನ್ನೊಂದು ಮುಳುಗಡೆಯ ಮಕ್ಕಳದು. ಎರಡರ ಸರಾಸರಿ ಬೇರೆ. ಆ ವ್ಯತ್ಯಾಸ ಆಕಸ್ಮಿಕವಲ್ಲ. ಶೇಕಡಾ ಐದರ ಮಟ್ಟದಲ್ಲಿ ಶೂನ್ಯ ಕಲ್ಪನೆಯನ್ನು ತಿರಸ್ಕರಿಸಲಾಗಿದೆ. ಸಭೆಯಲ್ಲಿ ಒಬ್ಬರಿಗೂ ಏನೂ ತಿಳಿಯಲಿಲ್ಲ. ಆದ್ದರಿಂದ ಎಲ್ಲರೂ ತಲೆಯಾಡಿಸಿದರು. ನಮ್ಮ ಕಡೆ ಒಂದು ಮಾತು ಪಟ್ಟನೆ ಒಪ್ಪಿಗೆಯಾಗಬೇಕಾದರೆ ಅದು ಅರ್ಥವಾಗದ ಹಾಗಿರಬೇಕು, ಪ್ಯಾಂಟು ಹಾಕಿದವನು ಹೇಳಬೇಕು.

ಅದೇನೂ ಅಂಥ ಗಹನ ವಿಷಯವಲ್ಲ. ಯಾವ ಎರಡು ಗುಂಪನ್ನು ತೆಗೆದುಕೊಂಡರೂ ಸರಾಸರಿ ಅಚ್ಚು ಹಾಕಿದಂತೆ ಒಂದೇ ಬರುವುದಿಲ್ಲ. ಮುಧೋಳದ ಬಸ್‌ಸ್ಟ್ಯಾಂಡಿನಲ್ಲಿ ಎಡಗಡೆ ನಿಂತವರ ಎತ್ತರ, ಬಲಗಡೆ ನಿಂತವರ ಎತ್ತರ ಅಳೆಯಿರಿ, ಒಂದು ಕಡೆಯವರು ತುಸು ಎತ್ತರ ಬಂದೇ ಬರುತ್ತಾರೆ. ಅಷ್ಟಕ್ಕೇ ‘ಎಡಗಡೆಯ ನೆಲದ ಗುಣ’ ಎಂದು ಭಾಷಣ ಮಾಡುವವನು ಮೂರ್ಖ. ಹಾಗಾಗಿ ಶಾಸ್ತ್ರ ಹೇಳುತ್ತದೆ: ವ್ಯತ್ಯಾಸವಿಲ್ಲ ಎಂದೇ ಹಿಡಿದು ಶುರು ಮಾಡು. ಅದೇ ಶೂನ್ಯ ಕಲ್ಪನೆ. ಇದೆ ಎನ್ನುವವನೇ ರುಜುವಾತು ತರಬೇಕು. ಎರಡು ಸರಾಸರಿಗಳ ನಡುವಿನ ಅಂತರವನ್ನು, ಆಯಾ ಗುಂಪಿನೊಳಗೇ ಅಂಕಗಳು ಎಷ್ಟು ಚದುರಿವೆ ಎಂಬುದರ ಪಕ್ಕದಲ್ಲಿಟ್ಟು ನೋಡಬೇಕು. ಚದುರಿದ್ದು ಹೆಚ್ಚು, ಅಂತರ ಕಡಿಮೆ ಎಂದರೆ ಬಾಯಿ ಮುಚ್ಚಿಕೊಂಡಿರಬೇಕು. ಚರ್ಚಾಸ್ಪರ್ಧೆಯಲ್ಲಿ ಇದನ್ನೇ ನಾವು ರುಜುವಾತಿನ ಹೊಣೆ ಯಾರ ಮೇಲಿದೆ ಎಂದು ಕೇಳುವುದು. ಈ ಪಾಠವನ್ನು ನನಗೆ ಹೇಳಿಕೊಟ್ಟವರೇ ಬೋರ್ಡಿನ ಮುಂದೆ ನಿಂತಿದ್ದರು.

ಅವರು ಕೆಳಗೆ ಬರೆದ ಚದುರುವಿಕೆಯ ಅಂಕಿ ನೋಡಿ ನನಗೆ ಗುಮಾನಿ ಬಂತು. ಊರಿನ ಮಕ್ಕಳದು ಇಷ್ಟು, ಮುಳುಗಡೆಯ ಮಕ್ಕಳದು ಅದಕ್ಕಿಂತ ಬಹಳ ಹೆಚ್ಚು. ಒಂದು ಗುಂಪಿನಲ್ಲಿ ಎಲ್ಲರೂ ದಡ್ಡರಾಗಿದ್ದರೆ ಅಂಕಗಳು ಕೆಳಗೆ ಒತ್ತಟ್ಟಿಗೆ ಬಿದ್ದಿರುತ್ತವೆ, ಹೀಗೆ ಚೆಲ್ಲುವುದಿಲ್ಲ. ಒಂದಿಷ್ಟು ಜನ ಮೇಲೆ, ಒಂದಿಷ್ಟು ಜನ ಪಾತಾಳದಲ್ಲಿ ಇದ್ದರೆ ಮಾತ್ರ ಹಾಗೆ ಚೆಲ್ಲುತ್ತದೆ. ಪಾತಾಳದಲ್ಲಿ ಯಾರಿದ್ದರು ಎಂದು ನಾನು ಯೋಚಿಸಬೇಕಾಗಿರಲಿಲ್ಲ. ಅವರ ಜೊತೆ ಕುಳಿತು ಮಾದಲಿ ತಿಂದಿದ್ದೆ.

ಎದ್ದೆ. ‘ಸರ್, ಪರೀಕ್ಷೆಗಿ ಬಾರದವರಿಗೆ ಎಷ್ಟು ಮಾರ್ಕ್ಸ್ ಹಿಡದ್ರಿ?’

ಮೇಷ್ಟ್ರು ನನ್ನ ಗುರುತು ಹಿಡಿದರು. ಮುಖ ಸಣ್ಣದಾಯಿತು. ಉತ್ತರ ಹೆಡ್‌ಮಾಸ್ತರರಿಂದ ಬಂತು. ‘ಬಾರದವರಿಗೆ ಸೊನ್ನಿ. ಸಾಲಿ ನಿಯಮ. ನೀ ಯಾರ ಪಾಲಕಳವಾ?’

‘ನನ್ನ ಮಾವನ ಮಗಳು ಒಂಬತ್ತರಾಗ ಅದಾಳ್ರಿ. ಅಕಿಗೂ ಸೊನ್ನಿ ಬಿದ್ದಿರಬೇಕು. ಆ ದಿನ ಕಟ್ಟಿ ಕಂಡಿತ್ತು. ಆರ್‌.ಸಿ.ಯ ಎಷ್ಟೋ ಮಕ್ಕಳು ಹಳೇ ಊರಿಗಿ ಹೋಗಿದ್ರು. ಅವರು ಪೇಪರ್ ಮುಟ್ಟೇ ಇಲ್ಲ. ಮುಟ್ಟದವರ ಸೊನ್ನಿ ಕೂಡಿಸಿ ಇವರಿಗೆ ಗಣಿತ ಬರಂಗಿಲ್ಲ ಅಂದ್ರ ಹೆಂಗ್ರಿ?’

ಸಭೆ ಗುಜುಗುಜು ಅಂದಿತು. ಹೆಡ್‌ಮಾಸ್ತರರು ಬುದ್ಧಿವಂತರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಕ್ಕು ಹೇಳಿದರು, ‘ಪರೀಕ್ಷಿ ಬಿಟ್ಟು ಕೆಸರಾಗ ಕುಂತು ಉಣ್ಣಾಕ ಹೋಗೋದು, ಅದೂ ಒಂದು ಮಟ್ಟನ ಅಲ್ಲೇನ ತಂಗಿ?’

‘ಆಗಲ್ರಿ. ಆದ್ರ ಅದು ಹಾಜರಿಯ ಮಟ್ಟ ಆತು. ಬೋರ್ಡಿನ ಮ್ಯಾಲ ಗಣಿತ ಅಂತ ಯಾಕ ಬರಸೀರಿ? ಮತ್ತ ಲೆಕ್ಕಕ್ಕಿಲ್ಲ ಅಂತ ಹೇಳಿ ತಗೊಂಡ ಪರೀಕ್ಷಿ ಇವತ್ತ ಲೆಕ್ಕಕ್ಕ ಹೆಂಗ ಬಂತು?’

ಹಿಂದಿನ ಸಾಲಿನಲ್ಲಿ ಯಾರೋ ‘ಹಾಕು!’ ಎಂದರು, ಕುಸ್ತಿಯ ಕಣದಲ್ಲಿ ಅನ್ನುವ ಹಾಗೆ. ನನಗೆ ಹುರುಪು ಬಂತು. ಇನ್ನೊಂದು ಮಾತು ಸೇರಿಸಿದೆ. ಒಂದು ಗುಂಪಿನ ಸರಾಸರಿ ನಿಜವಾಗಿಯೂ ಕಡಿಮೆ ಇದ್ದರೂ, ಸರಾಸರಿ ಎಂಬುದು ಬೆಂಚಿನ ಮೇಲೆ ಬಂದು ಕೂಡುವುದಿಲ್ಲ, ಕೂಡುವುದು ಒಂದೊಂದು ಮಗು. ಮಗುವಿನ ಅಂಕ ಕೈಯಲ್ಲಿರುವಾಗ ಅದರ ಊರಿನ ಸರಾಸರಿ ನೋಡಿ ಬೆಂಚು ಹಂಚುವುದು ಯಾವ ಶಾಸ್ತ್ರ, ಎಂದು. ಅದು ನನ್ನ ಅತ್ಯುತ್ತಮ ವಾದ. ಅದಕ್ಕೆ ಯಾರೂ ತಲೆಯಾಡಿಸಲಿಲ್ಲ. ಮುಂದಿನ ಸಾಲಿನ ಊರಿನ ಪಾಲಕರೊಬ್ಬರು ಪಕ್ಕದವರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ‘ಏನರ ಇರಲ್ರಿ, ಬ್ಯಾರೆ ಕುಂಡ್ರಿಸೂದ ಛಲೋ. ನಮ್ಮವೂ ಅವರ ಸಂಗ್ತಿ ಕೆಸರಿಗಿ ಹೋದ್ರ?’ ಅಲ್ಲಿಗೆ ಗೊತ್ತಾಯಿತು, ಗಂಟೆಯಾಕಾರದ ದಿಬ್ಬಗಳು ಯಾರಿಗಾಗಿ ಬರೆಯಲ್ಪಟ್ಟಿದ್ದವು ಎಂದು.

‘ಬಂದವರ ಮಾರ್ಕ್ಸ್ ಅಷ್ಟ ತಗೊಂಡು ಇನ್ನೊಮ್ಮೆ ಲೆಕ್ಕ ಹಾಕ್ರಿ ಸರ್. ಇಲ್ಲೇ, ಈಗ. ನಾನೂ ಕೈ ಹಚ್ಚತೀನಿ’ ಎಂದೆ.

ಮೇಷ್ಟ್ರು ಕೈಗಡಿಯಾರ ನೋಡಿಕೊಂಡರು. ‘ಅದು ಹಂಗ ಆಗಂಗಿಲ್ಲ. ಟೈಮ್ ಬೇಕು’ ಎಂದರು.

ಅಷ್ಟು ಹೊತ್ತಿಗೆ ಮಾವ ಎದ್ದ. ಇದು ನಮ್ಮ ಮನೆಯ ಕಥೆಯಲ್ಲಿ ಯಾವತ್ತೂ ಬಾರದ ಭಾಗ. ಮಾವನಿಗೆ ನಾನು ಹೇಳಿದ್ದರಲ್ಲಿ ಅರ್ಧ ತಿಳಿದಿತ್ತು. ಆ ಅರ್ಧ ಅವನನ್ನು ಹುಚ್ಚೆಬ್ಬಿಸಿತ್ತು. ಇಸ್ತ್ರಿ ಅಂಗಿಯ ತೋಳು ಮೇಲೇರಿಸಿ, ‘ಕೇಳಿದ್ರೇನ್ರಿ ಎಲ್ಲಾರೂ? ಸಾಬೀತಾತು! ನಮ್ಮ ಹುಡುಗೂರು ನಿಮ್ಮ ಹುಡುಗೂರಷ್ಟ ಶಾಣ್ಯಾ ಅಂತ ಲೆಕ್ಕದಾಗ ಸಾಬೀತಾತು!’ ಎಂದ. ಆರ್‌.ಸಿ.ಯ ಪಾಲಕರು ಚಪ್ಪಾಳೆ ತಟ್ಟಿದರು. ಸಿಳ್ಳೆಯೂ ಬಂತು.

ಸಾಬೀತಾಗಿರಲಿಲ್ಲ. ಸೊನ್ನೆಗಳನ್ನು ತೆಗೆದುಹಾಕಿದರೆ ಉಳಿಯುವುದು ಒಂದೇ ಮಾತು: ವ್ಯತ್ಯಾಸ ಇದೆ ಎನ್ನಲು ನಿಮ್ಮ ಬಳಿ ನಂಬುವಂಥ ಆಧಾರವಿಲ್ಲ. ವ್ಯತ್ಯಾಸ ಇಲ್ಲವೆಂದು ಅದರಿಂದ ತೀರ್ಮಾನವಾಗುವುದಿಲ್ಲ. ಕೋರ್ಟಿನಲ್ಲಿ ಬಿಡುಗಡೆಯಾದವನನ್ನು ಸಂತನೆಂದು ಮೆರವಣಿಗೆ ಮಾಡಿದ ಹಾಗಾಯಿತು ಮಾವನ ಮಾತು. ಸುಮ್ಮನಿರಬಹುದಿತ್ತು ಎಂದು ಅವ್ವ ಆಮೇಲೆ ವರ್ಷಗಟ್ಟಲೆ ಹೇಳಿದಳು. ಸುಮ್ಮನಿದ್ದರೆ ಬೋರ್ಡಿನ ಮುಂದೆ ನಿಂತವರಿಗೂ ನನಗೂ ಏನು ಫರಕು? ಅವರದು ಎದುರು ಪಾರ್ಟಿಯ ಸುಳ್ಳು, ಇದು ಮನೆಯವರ ಸುಳ್ಳು, ಇಷ್ಟೇ.

‘ಮಾಮಾ, ಹಂಗ ಸಾಬೀತಾಗಿಲ್ಲ’ ಎಂದೆ. ‘ಅವರ ಮಾತು ಸಾಬೀತಾಗಿಲ್ಲ ಅಷ್ಟ. ನಮ್ಮದೂ ಆಗಿಲ್ಲ.’

ಚಪ್ಪಾಳೆ ನಿಂತಿತು. ಮಾವ ನನ್ನನ್ನು ದಿಟ್ಟಿಸಿದ. ‘ನೀ ಯಾರ ಕಡೆದಾಕಿ ಬೇ?’

ಹೆಡ್‌ಮಾಸ್ತರರು ಆ ಒಂದು ಗಳಿಗೆಗೇ ಕಾಯುತ್ತಿದ್ದಂತೆ ಮೈಕು ಹತ್ತಿರ ಎಳೆದುಕೊಂಡರು. ‘ನೋಡ್ರಿ, ಓದಿದ ಹುಡುಗಿ, ಅಕಿನ ಸಾಬೀತಾಗಿಲ್ಲ ಅಂತಾಳ. ಇನ್ನ ಮಾತೇನೈತಿ? ವಿಭಾಗ ಹೇಳಿದಂಗ ಇರತಾವು. ಎಲ್ಲಾರೂ ಚಹಾ ತಗೊಂಡ ಹೋಗ್ರಿ.’

ಇಷ್ಟೇ ನನ್ನ ದಿಗ್ವಿಜಯ. ಮುಧೋಳದಲ್ಲಾಗಲಿ ಬನಹಟ್ಟಿಯಲ್ಲಾಗಲಿ ತೀರ್ಪುಗಾರರೆಂದು ಮೂವರು ಕುಳಿತಿರುತ್ತಾರೆ. ತರ್ಕಕ್ಕೆ ಇಷ್ಟು, ಮಂಡನೆಗೆ ಇಷ್ಟು ಎಂದು ಅಂಕ ಹಾಕುತ್ತಾರೆ. ಇಲ್ಲಿ ತೀರ್ಪುಗಾರರೂ ಅವರೇ, ಪ್ರತಿವಾದಿಯೂ ಅವರೇ, ಅವಲಕ್ಕಿ ಚಹಾದ ವ್ಯವಸ್ಥೆಯೂ ಅವರದೇ. ಒಂದೇ ನಿಮಿಷದ ಹಿಂದೆ ‘ಹಾಕು’ ಎಂದು ಕೂಗಿದವನು ಎಲ್ಲರಿಗಿಂತ ಮೊದಲು ಅವಲಕ್ಕಿಯ ಪ್ಲೇಟು ಹಿಡಿದಿದ್ದ.

ಹೊರಗೆ ಬೇವಿನ ಗಿಡದ ಕೆಳಗೆ ಹುಡುಗಿ ನಿಂತಿದ್ದಳು. ಮಕ್ಕಳನ್ನು ಒಳಗೆ ಬಿಟ್ಟಿರಲಿಲ್ಲ. ‘ಏನಾತ ಅಕ್ಕಾ?’ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಮಾವ ಅವಳ ಚೀಲ ಹೆಗಲಿಗೆ ಹಾಕಿಕೊಂಡ. ‘ಏನಾಗೂದು? ನಡಿ ಊರಿಗಿ. ಬಿ ಅಂತ ಬಿ. ಪಾಸ್ ಆಗಾಕ ಆರ್‌.ಸಿ.ಯಾಗೂ ಸಾಲಿ ಐತಿ.’ ಅವಳು ಅಳಲಿಲ್ಲ. ‘ಅಲ್ಲಿ ಗಣಿತದ ಮಾಸ್ತರ ಇಲ್ಲಪಾ’ ಎಂದಳು. ‘ಇಲ್ಲದಿದ್ರ ಇಲ್ಲ’ ಎಂದ ಮಾವ. ಅವಳು ಚೀಲದ ಪಟ್ಟಿ ಹಿಡಿದುಕೊಂಡಳು, ಬಿಡಲಿಲ್ಲ. ಚೀಲದ ಒಂದು ಪಟ್ಟಿ ಅಪ್ಪನ ಹೆಗಲ ಮೇಲೆ, ಇನ್ನೊಂದು ಮಗಳ ಮುಷ್ಟಿಯಲ್ಲಿ. ಹಾಗೇ ಗೇಟಿನ ತನಕ ಹೋದರು.

ಗೇಟಿನಲ್ಲಿ ಶಾಲೆಯ ಸಿಪಾಯಿ ಓಡಿ ಬಂದ. ಹೆಡ್‌ಮಾಸ್ತರರು ಮಾವನನ್ನು ಕರೆಯುತ್ತಿದ್ದಾರಂತೆ. ನಾನೂ ಬೆನ್ನು ಹತ್ತಿದೆ. ಕೋಣೆಯಲ್ಲಿ ಅವರ ದನಿ ಬೆಣ್ಣೆಯಂತಿತ್ತು. ‘ಹುಡುಗಿ ಶಾಣ್ಯಾ ಅದಾಳ್ರಿ. ವಾರ್ಷಿಕ ಪರೀಕ್ಷ್ಯಾಗ ಗಣಿತಕ್ಕ ಅಕಿನ ಮೊದಲು. ಅದೂ ಅಲ್ಲದ ಇರೂದು ಊರಾಗ, ನಿಮ್ಮ ತಂಗಿ ಮನ್ಯಾಗ. ಅಂದಮ್ಯಾಲ ಊರಿನಾಕಿ ಆದಂಗಾತು. ಎ ಕ್ಕ ಹಾಕ್ತೀವಿ. ಆದ್ರ ಈ ಮಾತು ಇಲ್ಲಿಗಿ ಮುಗೀಲಿ. ಅರ್ಜಿ ಗಿರ್ಜಿ ಅಂತ ಬೀಳಗಿಗಿ ಬಾಗಲಕೋಟಿಗಿ ಸಾಹೇಬರ ಕಡೆ ಓಡಾಡೂದು ಬ್ಯಾಡ.’

ಹೀಗೆ, ನೋಡನೋಡುತ್ತ, ಒಬ್ಬ ಹುಡುಗಿಯನ್ನು ಒಂದು ಗುಂಪಿನಿಂದ ಎತ್ತಿ ಇನ್ನೊಂದಕ್ಕೆ ಇಟ್ಟರು. ಅದಕ್ಕೆ ಶೂನ್ಯ ಕಲ್ಪನೆಯೂ ಬೇಕಾಗಲಿಲ್ಲ, ಶೇಕಡಾ ಐದರ ಮಟ್ಟವೂ ಬೇಕಾಗಲಿಲ್ಲ. ಗುಂಪು ಎಂಬುದು ಅಷ್ಟು ಸಡಿಲವಾಗಿದ್ದರೆ ಅದರ ಸರಾಸರಿ ತೆಗೆಯುವ ನಾಟಕ ಯಾಕೆ ಬೇಕಿತ್ತು?

‘ಉಳಿದವರು?’ ಎಂದು ನಾನು ಕೇಳಿದೆ. ‘ಅಕಿ ಸಂಗ್ತಿ ಟ್ರ್ಯಾಕ್ಟರಿನ್ಯಾಗ ಇದ್ದವರು?’

ಹೆಡ್‌ಮಾಸ್ತರರು ನನ್ನ ಕಡೆ ನೋಡಲೂ ಇಲ್ಲ. ಮಾವ ನನ್ನ ಕಡೆ ನೋಡಿದ. ಕೈ ಮುಗಿದದ್ದು ಅವರಿಗೆ, ಮಾತಾಡಿದ್ದು ನನಗೆ. ‘ಬಾಳ ಆತು ನಿನ್ನ ವಾದ. ನಡಿ.’ ಸಭೆಯಲ್ಲಿ ‘ನಮ್ಮ ಹುಡುಗೂರು’ ಎಂದು ಗುಡುಗಿದವನಿಗೆ ಕೋಣೆಯೊಳಗೆ ಒಬ್ಬಳೇ ಹುಡುಗಿ ನೆನಪಿದ್ದಳು. ಮೀನು ಓಡಾಡುವ ಗೋಡೆಯ ಒಂದು ಮಾರಿಗಾಗಿ ಬಡಿದಾಡುವ ಮನುಷ್ಯ ಇದನ್ನು ಒಂದೇ ಕೈಮುಗಿತಕ್ಕೆ ಬಿಟ್ಟುಕೊಟ್ಟ. ಅವನ ಮಗಳ ಓದು ಉಳಿಯಿತು, ಅದು ಖರೆ. ನಾನೂ ಒಳಗೊಳಗೇ ಉಸಿರುಬಿಟ್ಟೆ, ಅದೂ ಖರೆ. ಆದರೆ ಇದನ್ನು ಗೆಲುವೆಂದು ಚಹಾದ ಜೊತೆ ಹಂಚುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಜೂನ್‌ನಲ್ಲಿ ಅವಳು ಎ ವಿಭಾಗದಲ್ಲಿ ಕುಳಿತಳು. ಮೊದಲ ದಿನ ಮನೆಗೆ ಬಂದು ಚೀಲ ಮೂಲೆಗೆ ಎಸೆದಳು. ‘ಎ ದಾಗಿನವರು ನನ್ನ ಮುಳುಗಡೆ ಅಂತಾರ. ಬಿ ದಾಗಿನವರು ಮಾತ ಆಡಸಂಗಿಲ್ಲ. ನಾ ಯಾ ಗುಂಪಿನಾಕಿ ಅಕ್ಕಾ?’ ಲೆಕ್ಕ ಬಿಡಿಸು ಎಂದೆ. ಬಿಡಿಸಿದಳು. ಮುಂದೆ ಸೈನ್ಸೂ ತೆಗೆದುಕೊಂಡಳು. ಟ್ರ್ಯಾಕ್ಟರಿನಲ್ಲಿದ್ದವರಲ್ಲಿ ಅದನ್ನು ತೆಗೆದುಕೊಂಡವಳು ಅವಳೊಬ್ಬಳೇ. ಉಳಿದವರು ‘ಪಾಸಾಗುವಷ್ಟು’ ಕಲಿತು ಪಾಸಾದರು. ಅದನ್ನು ನೋಡಿ ಶಾಲೆಯವರು ‘ನಾವು ಹೇಳಿರಲಿಲ್ಲವೇ’ ಎಂದರು. ಕಲಿಸದೆ ಬಿಟ್ಟವರಿಗೆ ಬರುವುದಿಲ್ಲ ಎಂಬುದು ಅವರ ಸಂಶೋಧನೆಯ ಎರಡನೆಯ ಭಾಗ.

ಮೇಷ್ಟ್ರು ಮುಂದಿನ ವರ್ಷವೂ ನಮಗೆ ಪಾಠ ಮಾಡಿದರು. ನನ್ನ ಕಣ್ಣು ತಪ್ಪಿಸಿ, ಕಿಟಕಿಯ ಕಡೆಗೆ. ಒಂದು ಮಧ್ಯಾಹ್ನ ಪ್ರಾತ್ಯಕ್ಷಿಕೆಯ ತರಗತಿಯಲ್ಲಿ ಎರಡು ಹೊಲಗಳ ಕಬ್ಬಿನ ತೂಕ ಕೊಟ್ಟು, ಸರಾಸರಿಗಳಲ್ಲಿ ವ್ಯತ್ಯಾಸವಿದೆಯೇ ಪರೀಕ್ಷಿಸಿ ಎಂದರು. ಒಂದೆರಡು ಕಡೆ ತೂಕದ ಜಾಗ ಖಾಲಿ ಇತ್ತು. ನನ್ನ ಮುಂದಿನ ಬೆಂಚಿನವಳು ಅಲ್ಲಿ ಸೊನ್ನೆ ಬರೆದುಕೊಂಡು ಕೂಡಿಸತೊಡಗಿದಳು. ಮೇಷ್ಟ್ರು ಅದನ್ನು ಕಂಡು ಅವಳ ವಹಿಯ ಮೇಲೆ ಬೆರಳಿನಿಂದ ತಟ್ಟಿದರು.

‘ಏನಿದು? ತೂಕ ಮಾಡದ ಕಬ್ಬಿಗೆ ತೂಕ ಇಲ್ಲ ಅಂತ ಬರೀತೀಯಲ್ಲಾ. ಇಲ್ಲದ ಅಂಕಿ ಬ್ಯಾರೆ, ಸೊನ್ನೆ ಬ್ಯಾರೆ. ಇದು ಮೊದಲನೇ ಪಾಠ. ಪ್ರತಿ ವರ್ಷ ಹೇಳ್ತೀನಿ.’

ಪ್ರತಿ ವರ್ಷ ಹೇಳುತ್ತಿದ್ದರು. ನಮಗೂ ಹೇಳಿದ್ದರು. ಸಭೆಯ ಮೊದಲೂ ಹೇಳಿದ್ದರು.

ತರಗತಿ ಮುಗಿದು ಎಲ್ಲರೂ ಹೋದ ಮೇಲೆ ಮೇಷ್ಟ್ರು ಬೋರ್ಡು ಒರೆಸುತ್ತಿದ್ದರು. ನಾನು ಬಾಗಿಲ ಬಳಿ ನಿಂತೆ. ವಾದ ಮಾಡುವ ಮನಸ್ಸಿರಲಿಲ್ಲ. ಒಂದು ಸಂಗತಿ ಮಾತ್ರ ತಿಳಿಯಬೇಕಿತ್ತು. ನಾನು ನಿಂತದ್ದು ಅವರಿಗೆ ಗೊತ್ತಿತ್ತು. ಒರೆಸಿದ ಜಾಗವನ್ನೇ ಮತ್ತೆ ಒರೆಸತೊಡಗಿದರು.

‘ಸರ್, ಆವತ್ತ ಸಾಲಿ ಸಭಾಕ್ಕ ಬರೂ ಮೊದಲ, ಮನ್ಯಾಗ ಕುಂತು, ಪರೀಕ್ಷೆಗಿ ಬಂದವರ ಮಾರ್ಕ್ಸ್ ಅಷ್ಟ ತಗೊಂಡು ಒಮ್ಮೆ ಲೆಕ್ಕ ಹಾಕಿ ನೋಡಿದ್ರೇನ್ರಿ?’